ತಲೆಯಲ್ಲಿ ಮೂರು ಅನ್ಯೂರಿಸಂ ಇದೆ ಅಂದಿದ್ದಾರೆ. ಇದು ಎಷ್ಟು ಜನರಿಗೆ ಇರುತ್ತದೆ?

ಪ್ರಶ್ನೆ: ನಮ್ಮ ಅಮ್ಮನಿಗೆ 58 ವರ್ಷ, ಬಿಪಿ ಇದೆ. ತಲೆಸುತ್ತು ಅಂತ ಎಂಆರ್‌ಐ ಮಾಡಿಸಿದಾಗ ಮಿದುಳಿನ ರಕ್ತನಾಳದಲ್ಲಿ ಮೂರು ಅನ್ಯೂರಿಸಂ ಸಿಕ್ಕಿವೆ. ಬಲಗಡೆ ಮಿಡಲ್ ಸೆರೆಬ್ರಲ್ ಆರ್ಟರಿಯಲ್ಲಿ 6 ಮಿ.ಮೀ., ಎಡಗಡೆ ಅದೇ ಜಾಗದಲ್ಲಿ 3 ಮಿ.ಮೀ., ಎಡಗಡೆಯೇ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಹತ್ತಿರ 2 ಮಿ.ಮೀ. ಯಾವುದೂ ಒಡೆದಿಲ್ಲ. ಒಂದು ಇರುವುದೇ ಅಪರೂಪ ಅಂತಾರೆ, ಮೂರು ಇದ್ದರೆ ಅಪಾಯ ಮೂರು ಪಟ್ಟಾ? ನಮ್ಮ ಸೋದರಮಾವ 46ನೇ ವಯಸ್ಸಿಗೆ ಬ್ರೈನ್ ಹೆಮರೇಜ್ ಆಗಿ ತೀರಿಕೊಂಡರು. ನಮಗೂ ಇರಬಹುದಾ?

ಉತ್ತರ:

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಮಿದುಳಿನ ಅನ್ಯೂರಿಸಂ (ರಕ್ತನಾಳದ ಗೋಡೆ ಒಂದು ಕಡೆ ಗುಳ್ಳೆಯ ಹಾಗೆ ಉಬ್ಬುವುದು) ಇರುವವರಲ್ಲಿ ನೂರಕ್ಕೆ ಸುಮಾರು 20ರಿಂದ 30 ಜನರಿಗೆ ಒಂದಕ್ಕಿಂತ ಜಾಸ್ತಿ ಇರುತ್ತವೆ. ಅಂದರೆ ಹೆಚ್ಚುಕಡಿಮೆ ನಾಲ್ಕೈದು ಜನರಲ್ಲಿ ಒಬ್ಬರಿಗೆ. ಈ ಗುಂಪಿನಲ್ಲೂ ಮುಕ್ಕಾಲು ಪಾಲು ಜನರಿಗೆ ಎರಡೇ ಇರುತ್ತವೆ. ಮೂರು ಅಥವಾ ಅದಕ್ಕಿಂತ ಜಾಸ್ತಿ ಇರುವವರು ಕಡಿಮೆ, ಆದರೆ ನಮ್ಮ ಕೆಲಸದಲ್ಲಿ ಅಂಥವರು ಆಗಾಗ ಸಿಗುತ್ತಾರೆ. ನಾನು ರೇಡಿಯಾಲಜಿಸ್ಟ್. ಮಿದುಳಿನ ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ನಿಮ್ಮ ಅಮ್ಮನನ್ನು ನಾನು ಪರೀಕ್ಷೆ ಮಾಡಿಲ್ಲ, ಫಿಲ್ಮ್ ನೋಡಿಲ್ಲ. ಹಾಗಾಗಿ ಚಿಕಿತ್ಸೆಯ ತೀರ್ಮಾನ ನಾನು ಕೊಡುವಂಥದ್ದಲ್ಲ. ಆದರೆ ನೀವು ಬರೆದ ಮೂರು ಸಾಲಿನ ರಿಪೋರ್ಟಿನಿಂದ ತಿಳಿಯುವ ವಿಷಯ ಬಹಳ ಇದೆ.

"ಒಂದು ಇರುವುದೇ ಅಪರೂಪ" ಅನ್ನುವುದು ನಿಜವಲ್ಲ. ದೊಡ್ಡವರಲ್ಲಿ ನೂರಕ್ಕೆ ಸುಮಾರು 3 ಜನರಿಗೆ ಒಡೆಯದ ಅನ್ಯೂರಿಸಂ ಇರುತ್ತದೆ. ಬಹುತೇಕರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಅನ್ಯೂರಿಸಂ ಒಡೆದು ಮಿದುಳಿನ ಸುತ್ತ ರಕ್ತ ಸೋರುವುದಕ್ಕೆ ಸಬ್‌ಅರಾಕ್ನಾಯ್ಡ್ ಹೆಮರೇಜ್ ಅನ್ನುತ್ತೇವೆ. ಜಗತ್ತಿನ ಸರಾಸರಿ ತೆಗೆದುಕೊಂಡರೆ ಅದು ಲಕ್ಷ ಜನರಲ್ಲಿ ವರ್ಷಕ್ಕೆ ಹತ್ತಕ್ಕಿಂತ ಕಡಿಮೆ ಜನರಿಗೆ ಆಗುತ್ತದೆ. ಲಕ್ಷ ಜನ ದೊಡ್ಡವರಲ್ಲಿ ಮೂರು ಸಾವಿರದಷ್ಟು ಜನ ಅನ್ಯೂರಿಸಂ ಇಟ್ಟುಕೊಂಡು ಓಡಾಡುತ್ತಿದ್ದಾರೆ, ಅದರಲ್ಲಿ ಒಂದು ವರ್ಷದಲ್ಲಿ ಒಡೆಯುವುದು ಇಷ್ಟೇ. ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿ. ರಿಪೋರ್ಟ್ ಕೈಗೆ ಬಂದ ದಿನ ಮನೆಯವರಿಗೆಲ್ಲ ನಿದ್ದೆ ಬರುವುದಿಲ್ಲ, ನನಗೆ ಗೊತ್ತು. ಆ ರಾತ್ರಿ ಈ ಲೆಕ್ಕವನ್ನು ಯಾರಾದರೂ ಹೇಳಬೇಕಿತ್ತು.

ಹಾಗಾದರೆ ಒಬ್ಬರಿಗೇ ಎರಡು, ಮೂರು ಯಾಕೆ ಆಗುತ್ತವೆ? ಅನ್ಯೂರಿಸಂ ರಕ್ತನಾಳದ ಉದ್ದಕ್ಕೂ ಎಲ್ಲೆಂದರಲ್ಲಿ ಬರುವುದಿಲ್ಲ. ಸಾಮಾನ್ಯವಾಗಿ ನಾಳ ಕವಲೊಡೆಯುವ ಜಾಗದಲ್ಲೇ ಬರುತ್ತದೆ. ಮಿದುಳಿನ ತಳದಲ್ಲಿ ದೊಡ್ಡ ನಾಳಗಳು ಸೇರಿ ಒಂದು ಉಂಗುರದ ಹಾಗೆ ಆಗಿವೆ. 1664ರಲ್ಲಿ ಅದನ್ನು ವಿವರಿಸಿದ ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯನ ಹೆಸರಿನಲ್ಲೇ ಅದನ್ನು ಸರ್ಕಲ್ ಆಫ್ ವಿಲ್ಲಿಸ್ ಎಂದು ಕರೆಯುತ್ತಾರೆ. ಆ ಉಂಗುರದಲ್ಲಿ, ಅದರಿಂದ ಹೊರಡುವ ನಾಳಗಳಲ್ಲಿ ಕವಲುಗಳು ಬಹಳ. ರಕ್ತ ರಭಸವಾಗಿ ಬಂದು ಕವಲಿನ ಗೋಡೆಗೆ ಬಡಿಯುತ್ತದೆ. ವರ್ಷಗಟ್ಟಲೆ ಬಡಿದು ಬಡಿದು ಗೋಡೆಯ ಒಳಗಿನ ಎಲಾಸ್ಟಿಕ್ ಪದರ ಸವೆಯುತ್ತದೆ, ಅಲ್ಲಿ ಉರಿಯೂತ ಶುರುವಾಗುತ್ತದೆ. ಹಳೇ ಸೈಕಲ್ ಟ್ಯೂಬಿನಲ್ಲಿ ಸವೆದ ಕಡೆ ಗುಳ್ಳೆ ಏಳುತ್ತಲ್ಲ, ಹಾಗೆ ಆ ಜಾಗ ಹೊರಗೆ ಉಬ್ಬುತ್ತದೆ.

ಈಗ ಯೋಚಿಸಿ. ಬಿಪಿ ಜಾಸ್ತಿ ಇದ್ದರೆ ಅದು ಒಂದೇ ಕವಲಿಗೆ ಬಡಿಯುವುದಿಲ್ಲ, ಎಲ್ಲ ಕವಲಿಗೂ ಬಡಿಯುತ್ತದೆ. ಬೀಡಿ, ಸಿಗರೇಟಿನ ಹೊಗೆ ಹಾಳುಮಾಡುವುದೂ ಎಲ್ಲ ನಾಳಗಳನ್ನು. ಹುಟ್ಟಿನಿಂದ ಗೋಡೆಯೇ ತೆಳುವಾಗಿ ಬಂದಿದ್ದರೆ ಎಲ್ಲ ಕಡೆಯೂ ತೆಳುವೇ. ಅದಕ್ಕೇ ಒಂದು ಕಡೆ ಉಬ್ಬಿದವರಿಗೆ ಇನ್ನೊಂದು ಕಡೆ ಉಬ್ಬುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಒಂದಕ್ಕಿಂತ ಹೆಚ್ಚು ಅನ್ಯೂರಿಸಂ ಯಾರಲ್ಲಿ ಕಾಣುತ್ತದೆ ಎಂದು ನೋಡಿದರೂ ಇದೇ ಪಟ್ಟಿ ಸಿಗುತ್ತದೆ: ಹೆಂಗಸರು, ಅದರಲ್ಲೂ ಮುಟ್ಟು ನಿಂತ ವಯಸ್ಸಿನವರು, ಧೂಮಪಾನ ಮಾಡುವವರು, ಬಿಪಿ ಇರುವವರು, ಮನೆತನದಲ್ಲಿ ಅನ್ಯೂರಿಸಂ ಇರುವವರು.

ನಿಮ್ಮ ಅಮ್ಮನ ಬಲ ಮತ್ತು ಎಡ ಮಿಡಲ್ ಸೆರೆಬ್ರಲ್ ಆರ್ಟರಿಯಲ್ಲಿ ಒಂದೇ ಜಾಗದಲ್ಲಿ ಒಂದೊಂದು ಇದೆಯಲ್ಲ, ಅದಕ್ಕೆ ಮಿರರ್ ಅನ್ಯೂರಿಸಂ ಎನ್ನುತ್ತಾರೆ. ಎರಡೂ ಬದಿ ಒಂದೇ ತರಹ ಕವಲು ಇರುವುದರಿಂದ ಹೀಗೆ ಜೋಡಿಯಾಗಿ ಬರುವುದುಂಟು. ಮಿಡಲ್ ಸೆರೆಬ್ರಲ್ ಇದಕ್ಕೆ ಹೆಸರಾದ ಜಾಗ. ನಾವು ಒಂದು ಬದಿಯಲ್ಲಿ ಕಂಡ ಕೂಡಲೇ ಇನ್ನೊಂದು ಬದಿಯ ಅದೇ ಕವಲನ್ನು ಎರಡು ಸಲ ನೋಡುತ್ತೇವೆ. ಒಂದು ಸಿಕ್ಕಿತು ಅಂತ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿಬಿಡುವುದು ನಮ್ಮ ಕೆಲಸದ ದೊಡ್ಡ ಅಪಾಯ. ನಿಮ್ಮ ಅಮ್ಮನ ಸ್ಕ್ಯಾನ್ ಓದಿದವರು 2 ಮಿ.ಮೀ. ಇರುವುದನ್ನೂ ಬಿಡದೆ ಬರೆದಿದ್ದಾರೆ, ಅಳತೆ ಕೊಟ್ಟಿದ್ದಾರೆ, ಜಾಗ ಹೇಳಿದ್ದಾರೆ. ಅದು ಒಳ್ಳೆಯ ರಿಪೋರ್ಟ್. "ಹಲವು ಅನ್ಯೂರಿಸಂ ಇವೆ" ಎಂದಷ್ಟೇ ಬರೆದು ಕೈತೊಳೆದುಕೊಂಡ ರಿಪೋರ್ಟುಗಳನ್ನು ನಾನು ನೋಡಿದ್ದೇನೆ. ಅಂಥ ಕಾಗದ ಹಿಡಿದುಕೊಂಡು ಬರುವ ಮನೆಯವರ ಮುಖ ನೋಡಿದರೆ ಸಿಟ್ಟು ಬರುತ್ತದೆ. ಸಂಖ್ಯೆ ಮಾತ್ರ ಹೇಳಿದರೆ ಹೆದರಿಕೆ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ.

20ರಿಂದ 30 ಎಂದು ಹೇಳಿದೆನಲ್ಲ, ಆ ಅಂತರ ಯಾಕೆ ಅಂತಲೂ ಸ್ವಲ್ಪ ಹೇಳುತ್ತೇನೆ. ಲೆಕ್ಕ ಹೇಗೆ ಮಾಡಿದರು ಅನ್ನುವುದರ ಮೇಲೆ ಅದು ನಿಂತಿದೆ. ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್‌ಗಳಾದ ಎಂಆರ್ ಆಂಜಿಯೋ, ಸಿಟಿ ಆಂಜಿಯೋಗಳಲ್ಲಿ 3 ಮಿ.ಮೀ.ಗಿಂತ ಚಿಕ್ಕವು ತಪ್ಪಿಹೋಗಬಹುದು. ತೊಡೆಯಿಂದಲೋ ಕೈಯಿಂದಲೋ ಸಣ್ಣ ಕೊಳವೆ ಹಾಕಿ ಡೈ ಬಿಟ್ಟು ಮಾಡುವ ಡಿಎಸ್‌ಎ ಆಂಜಿಯೋಗ್ರಾಂನಲ್ಲಿ, ಅದರಲ್ಲೂ 3ಡಿ ಚಿತ್ರ ತೆಗೆದರೆ, ಚಿಕ್ಕವೂ ಕಾಣುತ್ತವೆ. ಹೆಚ್ಚು ಸೂಕ್ಷ್ಮವಾಗಿ ನೋಡಿದಷ್ಟೂ ಹೆಚ್ಚು ಸಿಗುತ್ತವೆ. ಜಪಾನಿನಲ್ಲಿ ನಡೆದ ಯುಕಾಸ್ ಎಂಬ ದೊಡ್ಡ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದರಲ್ಲಿ 5,720 ರೋಗಿಗಳ 6,697 ಅನ್ಯೂರಿಸಂಗಳನ್ನು ಗಮನಿಸಿದರು. ಜನರಿಗಿಂತ ಅನ್ಯೂರಿಸಂ ಸಾವಿರದಷ್ಟು ಜಾಸ್ತಿ! ಅದೂ 3 ಮಿ.ಮೀ.ಗಿಂತ ಚಿಕ್ಕವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಚಿಕ್ಕದರ ಮಾತು ಬಂದಿದ್ದಕ್ಕೆ ನಿಮ್ಮ ಅಮ್ಮನ 2 ಮಿ.ಮೀ. ಬಗ್ಗೆ ಒಂದು ವಿಷಯ. ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ನಾಳ ಹುಟ್ಟುವ ಜಾಗ ಕೆಲವರಲ್ಲಿ ಸಹಜವಾಗಿಯೇ ಆಲಿಕೆಯ ಆಕಾರದಲ್ಲಿ ಅಗಲ ಇರುತ್ತದೆ. ಅದನ್ನು ಇನ್‌ಫಂಡಿಬುಲಂ ಅನ್ನುತ್ತೇವೆ. ಅದು 3 ಮಿ.ಮೀ. ಒಳಗೇ ಇರುತ್ತದೆ, ಅದರ ತುದಿಯಿಂದಲೇ ನಾಳ ಹೊರಡುತ್ತದೆ. ಎಂಆರ್‌ಐನಲ್ಲಿ ಆ ಸಣ್ಣ ನಾಳ ಕಾಣದಿದ್ದರೆ ಅದು ಥೇಟ್ ಅನ್ಯೂರಿಸಂ ತರಹವೇ ಕಾಣುತ್ತದೆ. ನಿಮ್ಮ ಅಮ್ಮನದು ಅದೇ ಎಂದು ನಾನು ಹೇಳುತ್ತಿಲ್ಲ. ಆದರೆ "ಇದು ಇನ್‌ಫಂಡಿಬುಲಂ ಇರಬಹುದಾ?" ಎಂದು ನ್ಯೂರೋಸರ್ಜನ್ ಹತ್ತಿರ ಕೇಳಲೇಬೇಕಾದ ಪ್ರಶ್ನೆ ಅದು. ಹೌದಾದರೆ ನಿಮ್ಮ ಮೂರು ಎರಡಾಗುತ್ತದೆ.

ಈಗ ನಿಮ್ಮ ಮುಖ್ಯ ಭಯಕ್ಕೆ ಬರೋಣ. ಮೂರು ಇದ್ದರೆ ಅಪಾಯ ಮೂರು ಪಟ್ಟಾ?

ಅಷ್ಟು ಸುಲಭದ ಗುಣಾಕಾರ ಇಲ್ಲ. ಒಂದೊಂದು ಅನ್ಯೂರಿಸಂಗೂ ಅದರದೇ ಅಪಾಯ ಇರುತ್ತದೆ, ಅದನ್ನು ಮುಖ್ಯವಾಗಿ ತೀರ್ಮಾನಿಸುವುದು ಅಳತೆ ಮತ್ತು ಜಾಗ. ಯುಕಾಸ್ ಅಧ್ಯಯನದಲ್ಲಿ 3ರಿಂದ 4 ಮಿ.ಮೀ. ಇರುವವು ವರ್ಷಕ್ಕೆ ಶೇ. 0.36ರಷ್ಟು ಒಡೆದವು. 5-6 ಮಿ.ಮೀ. ಇರುವವು ಶೇ. 0.50. 7ರಿಂದ 9 ಮಿ.ಮೀ. ಆದಾಗ ಅದು ಶೇ. 1.69ಕ್ಕೆ ಏರಿತು, 10ರಿಂದ 24 ಮಿ.ಮೀ.ಗೆ ಶೇ. 4.37. 25 ಮಿ.ಮೀ. ದಾಟಿದ ದೈತ್ಯ ಅನ್ಯೂರಿಸಂಗಳಲ್ಲಿ ಶೇ. 33. ನೋಡಿ, 25 ಮಿ.ಮೀ.ನ ಒಂದೇ ಒಂದು ಅನ್ಯೂರಿಸಂ ಇರುವವರ ಜೊತೆ ನಿಮ್ಮ ಅಮ್ಮನನ್ನು ಹೋಲಿಸಿದರೆ, ಮೂರು ಇರುವ ನಿಮ್ಮ ಅಮ್ಮನೇ ಎಷ್ಟೋ ಸುರಕ್ಷಿತ. ಇನ್ನೊಂದು ಮಾತು: ಜಪಾನ್ ಮತ್ತು ಫಿನ್‌ಲೆಂಡ್ ಜನರಲ್ಲಿ ಅನ್ಯೂರಿಸಂ ಒಡೆಯುವ ಪ್ರಮಾಣ ಬೇರೆ ದೇಶದವರಿಗಿಂತ ಜಾಸ್ತಿ ಎಂದು ಕಂಡುಬಂದಿದೆ. ಆ ಅಂಕಿಗಳನ್ನು ನಮ್ಮವರಿಗೆ ಹಾಗೆಹಾಗೇ ಹಚ್ಚುವಾಗ ಇದು ನೆನಪಿರಲಿ.

2014ರಲ್ಲಿ ಆರು ಅಧ್ಯಯನಗಳ ರೋಗಿಗಳನ್ನು ಒಟ್ಟು ಸೇರಿಸಿ ಫೇಸಸ್ ಸ್ಕೋರ್ ಅಂತ ಒಂದು ಲೆಕ್ಕ ಕಟ್ಟಿದರು. ಐದು ವರ್ಷದೊಳಗೆ ಒಡೆಯುವ ಸಾಧ್ಯತೆ ಎಷ್ಟು ಎಂದು ಅಂದಾಜು ಮಾಡಲು ಬಹಳ ಡಾಕ್ಟರುಗಳು ಅದನ್ನು ಬಳಸುತ್ತಾರೆ. ಅದರಲ್ಲಿ ಆರು ಅಂಶ ನೋಡುತ್ತಾರೆ: ಯಾವ ದೇಶದ ಜನ, ಬಿಪಿ ಇದೆಯಾ, ವಯಸ್ಸು 70 ದಾಟಿದೆಯಾ, ಅನ್ಯೂರಿಸಂ ಅಳತೆ, ಮೊದಲು ಬೇರೆ ಅನ್ಯೂರಿಸಂ ಒಡೆದಿತ್ತಾ, ಈಗಿರುವುದು ಯಾವ ನಾಳದಲ್ಲಿದೆ. ಎಷ್ಟು ಅನ್ಯೂರಿಸಂ ಇವೆ ಅನ್ನುವುದು ಆ ಆರರಲ್ಲಿ ಇಲ್ಲ. ಇದನ್ನು ನಾನು ಮನೆಯವರಿಗೆ ಹೇಳಿದಾಗ ಅವರ ಉಸಿರು ಸ್ವಲ್ಪ ಹಗುರಾಗುವುದನ್ನು ನೋಡಿದ್ದೇನೆ.

ಹಾಗಂತ ಸಂಖ್ಯೆಗೆ ಬೆಲೆಯೇ ಇಲ್ಲ ಅಂತಲೂ ಹೇಳಲಾರೆ, ಅದು ಸುಳ್ಳು ಸಮಾಧಾನವಾಗುತ್ತದೆ. 2010ರಲ್ಲಿ ಪ್ರಕಟವಾದ ಇನ್ನೊಂದು ಜಪಾನಿ ಅಧ್ಯಯನ 5 ಮಿ.ಮೀ.ಗಿಂತ ಚಿಕ್ಕವನ್ನು ಮಾತ್ರ ಗಮನಿಸಿತು. ಅದರಲ್ಲಿ ಒಂದೇ ಅನ್ಯೂರಿಸಂ ಇದ್ದವರಲ್ಲಿ ಒಡೆಯುವ ಪ್ರಮಾಣ ವರ್ಷಕ್ಕೆ ಶೇ. 0.34, ಒಂದಕ್ಕಿಂತ ಜಾಸ್ತಿ ಇದ್ದವರಲ್ಲಿ ಶೇ. 0.95 ಬಂತು. ಎರಡೂ ಒಂದು ಶೇಕಡಾಕ್ಕಿಂತ ಕಡಿಮೆಯೇ. ಆದರೂ ವ್ಯತ್ಯಾಸ ಇದೆ. ನನ್ನ ಅಭಿಪ್ರಾಯ ಇಷ್ಟು: ಒಂದಕ್ಕಿಂತ ಜಾಸ್ತಿ ಇದ್ದರೆ, ಆ ವ್ಯಕ್ತಿಯ ನಾಳಗಳ ಗೋಡೆ ಸುಲಭವಾಗಿ ಉಬ್ಬುವಂಥದ್ದು ಎಂದು ಅದು ತಿಳಿಸುತ್ತದೆ. ಆದ್ದರಿಂದ ಫಾಲೋ-ಅಪ್ ಸ್ಕ್ಯಾನ್ ತಪ್ಪಿಸಬಾರದು, ಬಿಪಿ ವಿಷಯದಲ್ಲಿ ಸಡಿಲ ಬಿಡಬಾರದು. ಸಂಖ್ಯೆ ನೋಡಿದ ಕೂಡಲೇ ತಲೆ ತೆರೆಸಲು ಓಡುವುದಕ್ಕೆ ಅದು ಕಾರಣವಾಗಬಾರದು.

ಒಡೆದ ಮೇಲೆ ಲೆಕ್ಕ ಪೂರ್ತಿ ಬೇರೆ. ಎರಡು ಮೂರು ಇರುವವರಿಗೆ ರಕ್ತ ಸೋರಿತು ಅಂದರೆ, ಮೊದಲು ಯಾವುದು ಒಡೆದಿದೆ ಎಂದು ಕಂಡುಹಿಡಿಯಬೇಕು. ಸಿಟಿಯಲ್ಲಿ ರಕ್ತ ಎಲ್ಲಿ ದಪ್ಪವಾಗಿ ನಿಂತಿದೆ, ಯಾವ ಅನ್ಯೂರಿಸಂ ದೊಡ್ಡದು, ಯಾವುದರ ಆಕಾರ ಅಡ್ಡಾದಿಡ್ಡಿ, ಯಾವುದರ ಮೇಲೆ ಇನ್ನೊಂದು ಸಣ್ಣ ಮೊಗ್ಗು ಬಂದಿದೆ, ಎಲ್ಲ ನೋಡಿ ತೀರ್ಮಾನ ಮಾಡುತ್ತಾರೆ. ಒಡೆದಿದ್ದು ಮತ್ತೆ ಸೋರುವ ಭಯ ಮೊದಲ 24 ಗಂಟೆಯಲ್ಲೇ ಅತಿ ಹೆಚ್ಚು. ಹಾಗಾಗಿ ಅದನ್ನು ಬೇಗ ಮುಚ್ಚುತ್ತಾರೆ. ಉಳಿದವನ್ನು ಆಗಲೇ ಮುಚ್ಚಲು ಅನುಕೂಲ ಇದ್ದರೆ ಮುಚ್ಚುತ್ತಾರೆ, ಇಲ್ಲದಿದ್ದರೆ ರೋಗಿ ಚೇತರಿಸಿಕೊಂಡ ಮೇಲೆ.

ಎಲ್ಲರಿಗೂ ಗೊತ್ತಿರುವ ಇಬ್ಬರ ಉದಾಹರಣೆ ಇದೆ. ಜೋ ಬೈಡನ್ ಅವರಿಗೆ ಎರಡು ಇದ್ದವು. 1988ರ ಫೆಬ್ರವರಿಯಲ್ಲಿ ಒಂದು ಸೋರಿ ತಲೆಯ ಆಪರೇಷನ್ ಆಯಿತು. ಇನ್ನೊಂದು ಬದಿಯಲ್ಲಿದ್ದ ಒಡೆಯದ ಅನ್ಯೂರಿಸಂಗೆ ಅದೇ ವರ್ಷ ಮೇ ತಿಂಗಳಲ್ಲಿ ಎರಡನೇ ಆಪರೇಷನ್ ಆಯಿತು. ನಡುವೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಅದೊಂದು ಗಂಡಾಂತರ ಬೇರೆ. ಸೆಪ್ಟೆಂಬರಿನಲ್ಲಿ ಸೆನೆಟ್ ಕೆಲಸಕ್ಕೆ ವಾಪಸ್ ಬಂದರು. 2021ರಲ್ಲಿ ಅಮೆರಿಕದ ಅಧ್ಯಕ್ಷರಾದರು. ಇಂಗ್ಲಿಷ್ ನಟಿ ಎಮಿಲಿಯಾ ಕ್ಲಾರ್ಕ್ ಅವರಿಗೆ 2011ರಲ್ಲಿ, 24ನೇ ವಯಸ್ಸಿನಲ್ಲಿ ಒಂದು ಒಡೆಯಿತು, ಕಾಯಿಲಿಂಗ್ (ರಕ್ತನಾಳದ ಒಳಗಿಂದ ಹೋಗಿ ಸುರುಳಿ ತುಂಬುವುದು) ಮಾಡಿದರು. ಇನ್ನೊಂದು ಚಿಕ್ಕದಿತ್ತು, ಅದನ್ನು ಸ್ಕ್ಯಾನ್ ಮಾಡುತ್ತಾ ಕಾಯುತ್ತಿದ್ದರು. 2013ರಲ್ಲಿ ಅದು ಬೆಳೆದಿರುವುದು ಕಂಡಿತು, ಚಿಕಿತ್ಸೆ ಮಾಡಿದರು. ಕೊಳವೆಯ ಮೂಲಕ ಮಾಡಿದ ಪ್ರಯತ್ನ ಫಲಿಸದೆ ತಲೆ ತೆರೆದೇ ಆಪರೇಷನ್ ಮಾಡಬೇಕಾಯಿತು. 2019ರಲ್ಲಿ ಅವರೇ ಇದನ್ನೆಲ್ಲ ಬರೆದು ಹೇಳಿದರು. ಕಾಯುತ್ತಾ ನೋಡುವುದು ಅಂದರೆ ಸುಮ್ನೆ ಕೂರುವುದಲ್ಲ ಎಂದು ಹೇಳಲು ನಾನು ಇದನ್ನು ಬರೆದೆ. ಆ ಫಾಲೋ-ಅಪ್ ಸ್ಕ್ಯಾನ್ ಮಾಡಿಸದೇ ಇದ್ದಿದ್ದರೆ ಬೆಳೆದಿದ್ದು ಗೊತ್ತಾಗುತ್ತಲೇ ಇರಲಿಲ್ಲ.

ನಿಮ್ಮ ಅಮ್ಮನ ವಿಷಯದಲ್ಲಿ ಚರ್ಚೆ ನಡೆಯಬೇಕಾಗಿದ್ದು ಬಲಗಡೆಯ 6 ಮಿ.ಮೀ. ಬಗ್ಗೆ. ಅದರ ಆಕಾರ ದುಂಡಗಿದೆಯಾ, ಅದರ ಕತ್ತು, ಅಂದರೆ ನಾಳಕ್ಕೆ ಸೇರುವ ಬಾಯಿ, ಅಗಲವಾ ಕಿರಿದಾ, ಅದರ ಬುಡದಿಂದ ಬೇರೆ ನಾಳ ಹೊರಟಿದೆಯಾ ಎಂದು ಕೇಳಿ. ಚಿಕಿತ್ಸೆ ಬೇಕು ಅಂದರೆ ದಾರಿ ಮುಖ್ಯವಾಗಿ ಎರಡು. ತಲೆಬುರುಡೆ ತೆರೆದು ಅನ್ಯೂರಿಸಂ ಕತ್ತಿಗೆ ಕ್ಲಿಪ್ ಹಾಕುವುದು ಒಂದು, 1937ರಲ್ಲಿ ವಾಲ್ಟರ್ ಡ್ಯಾಂಡಿ ಶುರುಮಾಡಿದ ವಿಧಾನ. ರಕ್ತನಾಳದ ಒಳಗಿಂದಲೇ ಹೋಗಿ ಪ್ಲಾಟಿನಂ ಸುರುಳಿ ತುಂಬುವುದು ಇನ್ನೊಂದು, 1990ರಲ್ಲಿ ಗುಗ್ಲಿಯೆಲ್ಮಿ ಅವರ ಕಾಯಿಲ್‌ನಿಂದ ಶುರುವಾಗಿದ್ದು. ಮಿಡಲ್ ಸೆರೆಬ್ರಲ್ ಕವಲಿನ ಅನ್ಯೂರಿಸಂ ಮಿದುಳಿನ ಹೊರಮೈಗೆ ಹತ್ತಿರ ಇರುವುದರಿಂದ, ಕತ್ತು ಅಗಲ ಇರುವುದು ಜಾಸ್ತಿಯಾದ್ದರಿಂದ, ಇವತ್ತಿಗೂ ಅಲ್ಲಿ ಕ್ಲಿಪ್ಪಿಂಗ್ ಕಡೆ ಒಲವಿರುವ ಸರ್ಜನ್‌ಗಳು ಬಹಳ. ಎರಡು ಅನ್ಯೂರಿಸಂ ಒಂದೇ ಬದಿಯಲ್ಲಿದ್ದರೆ ಒಂದೇ ಸಲ ತೆರೆದು ಎರಡಕ್ಕೂ ಕ್ಲಿಪ್ ಹಾಕಬಹುದು. ನಿಮ್ಮ ಅಮ್ಮನದು ದೊಡ್ಡದೊಂದು ಬಲಕ್ಕೆ, ಚಿಕ್ಕವೆರಡು ಎಡಕ್ಕೆ. ಹಾಗಾಗಿ ದೊಡ್ಡದಕ್ಕೆ ಮಾತ್ರ ಚಿಕಿತ್ಸೆ ಮಾಡಿ ಚಿಕ್ಕವನ್ನು ಗಮನಿಸುತ್ತಾ ಹೋಗೋಣ ಅಂದರೆ, ಅಥವಾ ಮೂರನ್ನೂ ಗಮನಿಸೋಣ ಅಂದರೆ, ಅರ್ಧಂಬರ್ಧ ಕೆಲಸ ಅಂದುಕೊಳ್ಳಬೇಡಿ. ಆಪರೇಷನ್‌ಗೂ ಅದರದೇ ಅಪಾಯ ಇದೆ. ಎರಡನ್ನೂ ತೂಗಿಯೇ ಹೇಳುತ್ತಾರೆ. ನ್ಯೂರೋಸರ್ಜನ್ ಮತ್ತು ಒಳಗಿಂದ ಕಾಯಿಲಿಂಗ್ ಮಾಡುವ ತಜ್ಞರು, ಇಬ್ಬರೂ ಕೂತು ಒಟ್ಟಿಗೆ ನೋಡುವ ಆಸ್ಪತ್ರೆಯಲ್ಲಿ ಅಭಿಪ್ರಾಯ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಎರಡೂ ವಿಭಾಗ ಇವೆ. ಬರೀ ರಿಪೋರ್ಟ್ ಕಾಗದ ಸಾಲದು, ಸ್ಕ್ಯಾನಿನ ಸಿಡಿ ತೆಗೆದುಕೊಂಡು ಹೋಗಿ.

ತಲೆಸುತ್ತು ಈ ಅನ್ಯೂರಿಸಂಗಳಿಂದ ಬಂದಿರುವುದು ಅನುಮಾನ. ಇಷ್ಟು ಚಿಕ್ಕವು ಸಾಮಾನ್ಯವಾಗಿ ಯಾವ ತೊಂದರೆಯನ್ನೂ ತೋರಿಸುವುದಿಲ್ಲ. ತಲೆಸುತ್ತಿಗೆ ಕಾರಣ ಬೇರೆಯೇ ಹುಡುಕಿಸಿ, ಇಲ್ಲದಿದ್ದರೆ ಅದು ಮರೆತೇಹೋಗುತ್ತದೆ. ಆದರೆ ಎರಡು ಲಕ್ಷಣ ಕಂಡರೆ ಒಂದು ಗಳಿಗೆಯೂ ತಡಮಾಡಬೇಡಿ. ಜೀವನದಲ್ಲೇ ಕಾಣದಂಥ ತಲೆನೋವು, ಒಂದು ನಿಮಿಷದೊಳಗೆ ಏರಿ ತಾರಕಕ್ಕೆ ಹೋಗುವಂಥದ್ದು, ಒಂದು. ಒಂದು ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಜೋತುಬಿದ್ದು ಆ ಕಣ್ಣಿನ ಪಾಪೆ ದೊಡ್ಡದಾಗುವುದು ಇನ್ನೊಂದು. ನಾಳೆ ನೋಡೋಣ, ಗ್ಯಾಸ್ ಇರಬಹುದು, ಮೈಗ್ರೇನ್ ಮಾತ್ರೆ ಕೊಡೋಣ ಅನ್ನುವ ಮಾತೇ ಬೇಡ. ಆಂಬುಲೆನ್ಸಿಗೆ 108 ಮಾಡಿ.

ಉಳಿದಂತೆ ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ಮನೆಯಲ್ಲಿ ಬಿಪಿ ನೋಡುವ ಮೆಷಿನ್ ಇಟ್ಟುಕೊಳ್ಳಿ. ಅವರು ಧೂಮಪಾನ ಮಾಡದಿದ್ದರೂ ಮನೆಯಲ್ಲಿ ಬೇರೆ ಯಾರಾದರೂ ಸೇದುತ್ತಿದ್ದರೆ ನಿಲ್ಲಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ. ಮೊದಲ ಫಾಲೋ-ಅಪ್ ಸ್ಕ್ಯಾನ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಹೇಳುತ್ತಾರೆ, ಆಮೇಲೆ ಒಂದೆರಡು ವರ್ಷಕ್ಕೊಮ್ಮೆ. ಆದಷ್ಟೂ ಅದೇ ತರಹದ ಸ್ಕ್ಯಾನ್ ಮಾಡಿಸಿ. ಒಂದು ಸಲ ಎಂಆರ್, ಇನ್ನೊಂದು ಸಲ ಸಿಟಿ ಅಂತ ಮಾಡಿಸಿದರೆ ಅರ್ಧ ಮಿ.ಮೀ. ಬೆಳೆದಿದೆಯೋ ಇಲ್ಲವೋ ಹೇಳುವುದು ನಮಗೆ ಕಷ್ಟ. ಹಳೇ ಸಿಡಿ ಜೊತೆಗೆ ತನ್ನಿ, ದಯವಿಟ್ಟು. ಇನ್ನೊಂದು: ಒಂದಕ್ಕಿಂತ ಜಾಸ್ತಿ ಅನ್ಯೂರಿಸಂ ಇರುವವರಲ್ಲಿ ಕಿಡ್ನಿ ಒಂದು ಸಲ ಅಲ್ಟ್ರಾಸೌಂಡ್ ಮಾಡಿಸಿ ನೋಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ವಂಶದಲ್ಲಿ ಬರುವ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ ಇರುವವರಲ್ಲಿ ಹತ್ತಿರಹತ್ತಿರ ಹತ್ತರಲ್ಲೊಬ್ಬರಿಗೆ ಮಿದುಳಿನ ಅನ್ಯೂರಿಸಂ ಇರುತ್ತದೆ.

ಇನ್ನು ನಿಮ್ಮ ಸೋದರಮಾವನ ವಿಷಯ. ಇದನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ, ನನಗೆ ಮಾತ್ರ ಇದೇ ಬಹಳ ಮುಖ್ಯ ಅನ್ನಿಸಿತು. ಮೊದಲು ತಿಳಿಯಬೇಕಾಗಿದ್ದು ಅವರಿಗೆ ಆಗಿದ್ದು ಯಾವ ಹೆಮರೇಜ್ ಅಂತ. ಬಿಪಿಯಿಂದ ಮಿದುಳಿನ ಒಳಗೇ ರಕ್ತಸ್ರಾವ ಆಗುವುದು ಅನ್ಯೂರಿಸಂ ಒಡೆಯುವುದಕ್ಕಿಂತ ಹೆಚ್ಚು ಸಾಮಾನ್ಯ. ಎರಡಕ್ಕೂ ಜನ ಬ್ರೈನ್ ಹೆಮರೇಜ್ ಅಂತಲೇ ಹೇಳುತ್ತಾರೆ. ಸೋದರಮಾವನ ಮನೆಯಲ್ಲಿ ಹಳೇ ಡಿಸ್ಚಾರ್ಜ್ ಕಾಗದ, ಸಿಟಿ ಫಿಲ್ಮ್ ಏನಾದರೂ ಇದೆಯಾ ಕೇಳಿ. ಅದರಲ್ಲಿ ಸಬ್‌ಅರಾಕ್ನಾಯ್ಡ್, ಅದರ ಚಿಕ್ಕ ರೂಪ ಎಸ್‌ಎಎಚ್, ಅಥವಾ ಅನ್ಯೂರಿಸಂ ಎಂದು ಇದ್ದರೆ, ಒಂದೇ ಮನೆಯಲ್ಲಿ ಇಬ್ಬರಾದ ಹಾಗೆ. ಹಾಗಿದ್ದಾಗ ಉಳಿದ ಹತ್ತಿರದ ರಕ್ತಸಂಬಂಧಿಗಳಿಗೆ ಸ್ಕ್ಯಾನ್ ಮಾಡಿಸುವ ಸಲಹೆ ಕೊಡುತ್ತಾರೆ. ಇಬ್ಬರು ಹತ್ತಿರದವರಿಗೆ ಇದ್ದಾಗ ಹೀಗೆ ನೋಡಿಸಿದವರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಸಿಗುತ್ತದೆ.

ಮೊದಲ ಸರದಿ ನಿಮ್ಮ ಅಮ್ಮನ ಉಳಿದ ಅಕ್ಕತಂಗಿ, ಅಣ್ಣತಮ್ಮಂದಿರದು. ಅವರಿಗೆ ಇಬ್ಬರೂ ಒಡಹುಟ್ಟಿದವರು. ನಿಮಗೆ ಅಮ್ಮ ಹತ್ತಿರ, ಮಾವ ಒಂದು ಹೆಜ್ಜೆ ದೂರ. ಆದರೂ ಮಾವನದು ಅನ್ಯೂರಿಸಂ ಎಂದು ಖಚಿತವಾದರೆ ನೀವೂ ನಿಮ್ಮ ಒಡಹುಟ್ಟಿದವರೂ ನ್ಯೂರಾಲಜಿಸ್ಟ್ ಹತ್ತಿರ ಮಾತಾಡಿ ಒಂದು ಎಂಆರ್ ಆಂಜಿಯೋ ಮಾಡಿಸುವುದು ಸರಿ. ಅದಕ್ಕೆ ಡೈ ಬೇಡ, ರೇಡಿಯೇಷನ್ ಇಲ್ಲ. ಮಾವನದು ಬಿಪಿಯ ಹೆಮರೇಜ್ ಎಂದು ಗೊತ್ತಾದರೆ, ಅಮ್ಮ ಒಬ್ಬರಿಗೆ ಮಾತ್ರ ಇದೆ ಎನ್ನುವ ಕಾರಣಕ್ಕೆ ಎಲ್ಲರೂ ಸ್ಕ್ಯಾನ್ ಮಾಡಿಸಬೇಕೆಂದು ಸಾಮಾನ್ಯವಾಗಿ ಹೇಳುವುದಿಲ್ಲ. ನಿಮ್ಮ ಬಿಪಿ ಮಾತ್ರ ಈಗಿನಿಂದಲೇ ನೋಡಿಸುತ್ತಿರಿ. ಮನೆಯ ಸಣ್ಣ ಮಕ್ಕಳಿಗೆ ಈಗ ಯಾವ ಸ್ಕ್ಯಾನೂ ಬೇಡ. ನಿಮ್ಮ ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದು ಬಂದರೂ ಅದು ಜೀವನಪೂರ್ತಿಗೆ ಕೊಟ್ಟ ಚೀಟಿಯಲ್ಲ, ಕೆಲವು ವರ್ಷ ಬಿಟ್ಟು ಮತ್ತೆ ಮಾಡಿಸಬೇಕಾ ಎಂದು ಅವತ್ತೇ ಕೇಳಿಕೊಂಡು ಬನ್ನಿ.